ಕೂತಲ್ಲೇ ನಲವತ್ತು ಸಾವಿರ ಹೆಜ್ಜೆ

ಐವತ್ತೆರಡು ವರ್ಷದ ಬಾಳಿನಲ್ಲಿ ಠಸ್ಸಣ್ಣ ಯಾವುದರಲ್ಲೂ ಮೊದಲು ಬಂದವನಲ್ಲ. ಹುಟ್ಟಿದ್ದೇ ವೈದ್ಯರು ಹೇಳಿದ ದಿನಕ್ಕಿಂತ ಹದಿನೈದು ದಿನ ತಡವಾಗಿ. ಶಾಲೆಯ ಓಟದ ಪಂದ್ಯದಲ್ಲಿ ಅವನು ಗುರಿ ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ ಮುಗಿದು, ಹಗ್ಗ ಸುತ್ತಿಟ್ಟು, ಮಾಸ್ತರರು ಮನೆಗೆ ಹೋಗಿಯಾಗಿತ್ತು. ನೌಕರಿ ಸಿಕ್ಕಿದ್ದೂ ಪಟ್ಟಿಯ ಕೊನೆಯ ಹೆಸರಿಗೆ. ಅಂಥವನು ಒಂದು ಸೋಮವಾರ ಬೆಳಿಗ್ಗೆ ಇಡೀ ದೇಶಕ್ಕೆ ಮೊದಲಿಗನಾದ. ಅದೂ ನಡಿಗೆಯಲ್ಲಿ. ಇದು ಹೇಗಾಯಿತು ಎಂದು ಹೇಳದಿದ್ದರೆ ನೀವು ನಂಬುವುದಿಲ್ಲ. ಹೇಳಿದ ಮೇಲೂ ನಂಬುತ್ತೀರಿ ಎಂಬ ಭರವಸೆ ನನಗಿಲ್ಲ.

ಅವನು ಆರೋಗ್ಯ ಇಲಾಖೆಯ ರವಾನೆ ವಿಭಾಗದ ಗುಮಾಸ್ತ. ಇಲಾಖೆಯಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಆರು ಠಸ್ಸೆ ಬೀಳಬೇಕೆಂಬುದು ನಿಯಮ: ತಾರೀಕಿನದೊಂದು, ಇಲಾಖೆಯದೊಂದು, ವಿಭಾಗದ್ದೊಂದು, ‘ನಿಜ ಪ್ರತಿ’ ಎಂಬುದೊಂದು, ಇನ್ನೆರಡು ಯಾತಕ್ಕೆಂದು ತಿಳಿದವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಮಸಿದಿಂಬಿಗೆ ಒಂದು ಏಟು, ಕಾಗದಕ್ಕೆ ಒಂದು ಏಟು, ಹೀಗೆ ಇಪ್ಪತ್ತಾರು ವರ್ಷ ಹೊಡೆದು ಹೊಡೆದು ಅವನ ಬಲಗೈ ತಾನಾಗಿಯೇ ನಡೆಯುತ್ತಿತ್ತು. ಅವನು ಪಕ್ಕದವರ ಜೊತೆ ಹರಟುತ್ತಲೇ ಇರುತ್ತಿದ್ದ. ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ಠಸ್ಸಣ್ಣನಾಗಿದ್ದ. ಎದ್ದು ಓಡಾಡುವ ಕೆಲಸ ಅವನಿಗೆ ಇರಲಿಲ್ಲ. ಮೂರನೇ ಮಹಡಿಗೆ ಲಿಫ್ಟು, ಮನೆಯ ಬಾಗಿಲಿಗೆ ಬಸ್ಸು, ಮಧ್ಯಾಹ್ನ ಮೇಜಿಗೇ ಬರುವ ಕರಿದ ತಿಂಡಿ. ಕುರ್ಚಿಯಿಂದ ಅವನು ಏಳುವಾಗ ಕುರ್ಚಿಯೂ ಸ್ವಲ್ಪ ದೂರ ಅವನ ಜೊತೆ ಎದ್ದು ಬರುತ್ತಿತ್ತು.

ಆ ವರ್ಷ ಸರಕಾರಕ್ಕೆ ದೇಶದ ಹೃದಯದ ಚಿಂತೆ ಹತ್ತಿತು. ಜನ ಉಪ್ಪು ಸುರಿದುಕೊಂಡು, ಎಣ್ಣೆ ಕುಡಿದು, ಹೊಗೆ ಎಳೆದು, ಕೂತಲ್ಲೇ ಕೂತು ಎದೆ ಹಿಡಿದುಕೊಂಡು ಅಕಾಲದಲ್ಲಿ ಹೋಗುತ್ತಿದ್ದಾರೆ, ಇದನ್ನು ತಡೆಯಲೇಬೇಕು ಎಂದು ಮಂತ್ರಿಗಳು ‘ಎದ್ದು ನಡೆ’ ಆಂದೋಲನ ಹೂಡಿದರು. ಆಂದೋಲನವೇನೋ ಒಳ್ಳೆಯದೇ. ಸೇರಿದವರೆಲ್ಲ ಉಪ್ಪು ಕಡಿಮೆ ಮಾಡುತ್ತೇನೆ, ದಿನಾ ಅರ್ಧ ಗಂಟೆ ನಡೆಯುತ್ತೇನೆ ಎಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು; ಹೆಜ್ಜೆ ಎಣಿಸುವ ಒಂದು ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಲೆಕ್ಕ ತಾನೇ ತಾನಾಗಿ ಕೇಂದ್ರ ಕಚೇರಿಗೆ ಹೋಗುತ್ತದೆ. ಇಲಾಖೆಯ ನೌಕರರು ಮೇಲ್ಪಂಕ್ತಿ ಹಾಕಬೇಕೆಂದು ಠಸ್ಸಣ್ಣನ ಬಲಗೈಗೂ ಒಂದು ಪಟ್ಟಿ ಬಿತ್ತು. ದೇಶದ ಪ್ರತಿಜ್ಞಾಪತ್ರಗಳೆಲ್ಲ ಆರಾರು ಠಸ್ಸೆಗಾಗಿ ಅವನ ಮೇಜಿಗೇ ಬರತೊಡಗಿದವು.

ಪಾಪ, ಆ ಪಟ್ಟಿಗೆ ಕಣ್ಣಿಲ್ಲ. ಕೈ ಯಾವುದು ಕಾಲು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೈ ಒಮ್ಮೆ ಅದುರಿದರೆ ಒಂದು ಹೆಜ್ಜೆ ಎಂದು ಬರೆದುಕೊಳ್ಳುವುದಷ್ಟೇ ಅದರ ವಿದ್ಯೆ. ಒಂದು ಪತ್ರಕ್ಕೆ ಆರು ಠಸ್ಸೆ, ಒಂದು ಠಸ್ಸೆಗೆ ಎರಡು ಏಟು, ದಿನಕ್ಕೆ ಮೂರು ಸಾವಿರದ ನಾನೂರು ಪತ್ರ. ನಡೆಯುತ್ತೇವೆ ಎಂದು ದೇಶ ಪ್ರತಿಜ್ಞೆ ಮಾಡಿದಷ್ಟೂ ಠಸ್ಸಣ್ಣ ಕೂತಲ್ಲೇ ನಡೆಯುತ್ತ ಹೋದ.

ಆ ಸೋಮವಾರ ಹೆಚ್ಚು ನಡೆದವರ ಯಾದಿ ಹೊರಬಿತ್ತು, ಮೊದಲ ಹೆಸರು ಠಸ್ಸಣ್ಣನದು. ದಿನಕ್ಕೆ ಸರಾಸರಿ ನಲವತ್ತು ಸಾವಿರದ ಎಂಟುನೂರು ಹೆಜ್ಜೆ. ಎರಡನೆಯವರು ಇಪ್ಪತ್ತೆರಡು ಸಾವಿರದಲ್ಲೇ ನಿಂತಿದ್ದರು. ಅವರು ಠಸ್ಸಣ್ಣನ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರರೇ ಆಗಿದ್ದು ವಿಧಿಯ ತಮಾಷೆ. ವಿಭಾಗದ ಸೂಪರಿಂಟೆಂಡೆಂಟರು ತಮ್ಮ ಕೋಣೆಯಿಂದ ಎದ್ದು ಅವನ ಮೇಜಿನ ತನಕ ಬಂದರು. ಇಪ್ಪತ್ತಾರು ವರ್ಷದಲ್ಲಿ ಅವರು ಅವನನ್ನು ಬೆಲ್ಲೊತ್ತಿ ಕರೆಸಿದ್ದುಂಟೇ ಹೊರತು ತಾವಾಗಿ ಬಂದದ್ದಿಲ್ಲ. ಅವನ ಕಾಲನ್ನು ನೋಡಿದರು, ಮುಖ ನೋಡಿದರು, ಮತ್ತೆ ಕಾಲು ನೋಡಿದರು. ಕೊನೆಗೆ, ಇಂಥ ಮನುಷ್ಯನನ್ನು ನಾನು ಇಷ್ಟು ದಿನ ಏಕವಚನದಲ್ಲಿ ಮಾತಾಡಿಸುತ್ತಿದ್ದೆನಲ್ಲ ಎಂದು ಮೆಲ್ಲಗೆ ಹೇಳಿ ಹೊರಟುಹೋದರು.

ಠಸ್ಸಣ್ಣನಿಗೆ ಮೊದಲು ಗಾಬರಿಯಾಯಿತು. ಆದರೆ ಅವನು ಉರಿಬಿಸಿಲಲ್ಲಿ ಮಳೆ ಬೀಳುತ್ತಿದೆ ಎಂದು ಸುತ್ತೋಲೆ ಬಂದರೆ ಕೊಡೆ ಹುಡುಕುವ ಜಾತಿಯ ಗುಮಾಸ್ತ. ಅಚ್ಚಾದ ಅಂಕಿ, ಕೆಳಗೆ ಇಲಾಖೆಯ ಮೊಹರು. ಇನ್ನು ಅನುಮಾನ ಪಡುವುದಕ್ಕೆ ತಾನು ಯಾರು. ನಡೆದೇ ಇರಬೇಕು, ಗಮನಿಸಿರಲಿಕ್ಕಿಲ್ಲ ಎಂದುಕೊಂಡ. ಸಂಜೆ ಮನೆಗೆ ಹೋಗಿ ಚಪ್ಪಲಿ ತಿರುಗಿಸಿ ನೋಡಿದ. ನಾಲ್ಕು ವರ್ಷದ ಚಪ್ಪಲಿ, ಅಟ್ಟೆ ಇನ್ನೂ ಹೊಸದರಂತೆ ಇತ್ತು. ಚರ್ಮ ಒಳ್ಳೆಯದು ಎಂದುಕೊಂಡು ಸಮಾಧಾನಪಟ್ಟ.

ಮನೆಯಲ್ಲಿ ಬೇರೆ ರಾಮಾಯಣ. ಮೂಲೆ ಅಂಗಡಿಯ ತನಕ ಜೊತೆಗೆ ಬನ್ನಿ ಎಂದು ಇಪ್ಪತ್ತು ವರ್ಷ ಕರೆದೂ ಕರೆದೂ ಕೈಬಿಟ್ಟಿದ್ದ ಹೆಂಡತಿ, ದಿನಾ ನಲವತ್ತು ಸಾವಿರ ಹೆಜ್ಜೆ ಎಲ್ಲಿಗೆ ಹಾಕುತ್ತೀರಿ, ಯಾರ ಜೊತೆ ಹಾಕುತ್ತೀರಿ ಎಂದು ಮೊದಲು ವಿಚಾರಣೆ ಮಾಡಿದಳು. ಆಮೇಲೆ ಟಿವಿಯಲ್ಲಿ ಗಂಡನ ಚಿತ್ರ ಬಂದಾಗ ಎದ್ದು ನಿಂತಳು. ಆ ರಾತ್ರಿ ಊಟಕ್ಕೆ ತಟ್ಟೆ ಇಡುವಾಗ ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ಠಸ್ಸಣ್ಣನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಡ್ರಿಲ್ ಮಾಸ್ತರರು ಬೆಳಗಿನ ಜಾವಕ್ಕೇ ಬಾಗಿಲಿಗೆ ಬಂದು, ಹೊಟ್ಟೆಕಿಚ್ಚೆಲ್ಲ ಕರಗಿದ ಮುಖದಲ್ಲಿ, ಇಷ್ಟು ನಡೆದೂ ಹೊಟ್ಟೆಯನ್ನು ಹಾಗೇ ಉಳಿಸಿಕೊಂಡಿದ್ದೀರಲ್ಲ, ಇದು ನನ್ನ ಮೂವತ್ತು ವರ್ಷದ ಅನುಭವಕ್ಕೆ ನಿಲುಕದ ವಿದ್ಯೆ ಎಂದು ಕೈಮುಗಿದರು.

ಆದರೆ ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅಕ್ಕ. ಎರಡು ಬೀದಿ ಆಚೆ ಇರುವ, ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ. ತಾಯಿ ಹೋದಾಗ ಆರು ವರ್ಷದವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಹೋದ ವರ್ಷ ಅವಳ ಹೃದಯ ಒಮ್ಮೆ ನಿಂತೇಹೋಗಿತ್ತು. ಆಸ್ಪತ್ರೆಯವರು ಎರಡು ನಿಮಿಷ ಎದೆಯೊತ್ತಿ ವಾಪಸು ತಂದಿದ್ದರು. ದಿನಾ ಒಂದು ಗಂಟೆ ನಡೆಯಬೇಕು, ತಪ್ಪಿಸಿದರೆ ನಾವು ಜವಾಬ್ದಾರರಲ್ಲ ಎಂದು ವೈದ್ಯರು ಹೇಳಿದ್ದರು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಈಗ ಅವನ ಎರಡೂ ಕೆನ್ನೆ ಹಿಡಿದುಕೊಂಡು ಅತ್ತೇಬಿಟ್ಟಳು. ಶಾಲೆಯ ಓಟದ ದಿನ ಕತ್ತಲಾದ ಮೇಲೆ ಮೈದಾನದಿಂದ ಇವನನ್ನು ಹುಡುಕಿ ತಂದವಳೂ ಅವಳೇ.

ಅಲ್ಲಿಗೆ ಮುಗಿದಿದ್ದರೆ ಕಥೆ ಚಿಕ್ಕದಾಗಿ, ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಆದರೆ ಸರಕಾರ ಯಾವುದನ್ನಾದರೂ ಅಲ್ಲಿಗೇ ಬಿಟ್ಟದ್ದುಂಟೇ. ಈ ಪುಣ್ಯಾತ್ಮನ ನಡಿಗೆಯ ಗುಟ್ಟನ್ನು ದೇಶಕ್ಕೆ ಹಂಚಬೇಕೆಂದು ಒಬ್ಬ ಪ್ರೊಫೆಸರನ್ನು ಕಳಿಸಿದರು. ಆತ ಬಹಳ ಓದಿದ ಮನುಷ್ಯ. ಮೂರು ದಿನ ಠಸ್ಸಣ್ಣನ ನೆರಳಿನಂತೆ ಸುತ್ತಿದ. ಬಸ್ಸಿನಿಂದ ಲಿಫ್ಟಿಗೆ ಅರವತ್ತು ಹೆಜ್ಜೆ, ಲಿಫ್ಟಿನಿಂದ ಕುರ್ಚಿಗೆ ಇಪ್ಪತ್ತೆರಡು, ಮಧ್ಯೆ ಎರಡು ಸಲ ಶೌಚಾಲಯ. ಎಲ್ಲ ಕೂಡಿಸಿದರೂ ನಾನೂರು ದಾಟಲಿಲ್ಲ. ಆದರೂ ಮಣಿಕಟ್ಟಿನ ಪಟ್ಟಿಯಲ್ಲಿ ಅಂಕಿ ಏರುತ್ತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಪಟ್ಟಿ ಕೆಟ್ಟಿದೆ ಎನ್ನುತ್ತಿದ್ದರು. ಆದರೆ ಆ ಪಟ್ಟಿಯನ್ನು ಪರೀಕ್ಷಿಸಿ, ಇದು ತಪ್ಪುವುದೇ ಸಾಧ್ಯವಿಲ್ಲ ಎಂದು ಬರೆದುಕೊಟ್ಟವನೇ ಈ ಪ್ರೊಫೆಸರು.

ನಾಲ್ಕನೇ ದಿನ ಆತ ಟಾರ್ಚು ಹಿಡಿದು ಮೇಜಿನ ಕೆಳಗೆ ಅಂಗಾತ ಮಲಗಿದ. ಮೇಲೆ ಠಪ್ ಠಪ್ ಎಂದು ಠಸ್ಸೆ ಬೀಳುತ್ತಿತ್ತು. ಅದನ್ನು ಯಾರು ಕೇಳಿಸಿಕೊಳ್ಳುತ್ತಾರೆ. ಸರಕಾರಿ ಕಚೇರಿಯಲ್ಲಿ ಠಸ್ಸೆಯ ಸದ್ದು ಗಡಿಯಾರದ ಸದ್ದಿದ್ದ ಹಾಗೆ, ನಿಂತಾಗ ಮಾತ್ರ ಗೊತ್ತಾಗುವಂಥದು. ಹೆಜ್ಜೆ ಎಂದ ಮೇಲೆ ಕಾಲಲ್ಲೇ ಇರಬೇಕು ಎಂಬ ಶಾಸ್ತ್ರ ನಂಬಿದವನು ಪ್ರೊಫೆಸರು. ಎರಡು ಗಂಟೆ ಹೊತ್ತು ಎರಡು ಪಾದಗಳನ್ನೇ ನೋಡಿದ. ಕೊನೆಗೆ ಒಂದು ಸೊಳ್ಳೆ ಕಚ್ಚಿ ಠಸ್ಸಣ್ಣನ ಎಡಗಾಲಿನ ಹೆಬ್ಬೆರಳು ಮೇಲೆ ಕೆಳಗೆ ಆಡಿತು. ಪ್ರೊಫೆಸರು ಎದ್ದ ಭರಕ್ಕೆ ಮೇಜಿನ ಅಂಚಿಗೆ ತಲೆ ಬಡಿದುಕೊಂಡು, ನೋವನ್ನೂ ಮರೆತು, ಸಿಕ್ಕಿತು ಎಂದ.

ವರದಿ ನೂರಾ ಹತ್ತು ಪುಟ. ಸಾರಾಂಶವಿಷ್ಟೇ: ಈ ಮನುಷ್ಯ ಹೊರಗೆ ಕೂತಿರುತ್ತಾನೆ, ಒಳಗೆ ನಡೆಯುತ್ತಿರುತ್ತಾನೆ. ಎಡ ಹೆಬ್ಬೆರಳಿನ ಸೂಕ್ಷ್ಮ ಚಲನೆಯಿಂದ ಸ್ನಾಯುಗಳು ಒಳಗೊಳಗೇ ನಡೆಯುತ್ತವೆ. ಇದಕ್ಕೆ ‘ಆಸೀನ ನಡಿಗೆ’ ಎಂದು ಹೆಸರು. ಮಂತ್ರಿಗಳು ಓದಿ ಮೂಕರಾದರಂತೆ. ಹದಿನೈದು ದಿನದೊಳಗೆ ‘ಎದ್ದು ನಡೆ’ ಹೋಗಿ ‘ಕೂತು ನಡೆ’ ಆಯಿತು. ಉದ್ಯಾನಗಳಲ್ಲಿ ಓಡಾಡುವ ದಾರಿಗೆ ಅಡ್ಡಲಾಗಿ ಬೆಂಚು ಹಾಕಿದರು. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದವರೆಲ್ಲ ಸಾಲಾಗಿ ಕೂತು, ಚಪ್ಪಲಿ ಬಿಟ್ಟು, ಎಡ ಹೆಬ್ಬೆರಳು ಆಡಿಸಿದರು. ಡ್ರಿಲ್ ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹೆಬ್ಬೆರಳಿಗೇ ಎಡ-ಬಲ ಹೇಳತೊಡಗಿದರು. ಬಲ ಎಂದಾಗ ಏನು ಮಾಡಬೇಕೆಂದು ಹೆಬ್ಬೆರಳಿಗೂ ಅವರಿಗೂ ಗೊತ್ತಾಗುತ್ತಿರಲಿಲ್ಲ. ಯಾರ ಪಟ್ಟಿಯಲ್ಲೂ ಅಂಕಿ ಏರಲಿಲ್ಲ. ಸಾಧನೆ ಸಾಲದು ಎಂದುಕೊಂಡು ಎಲ್ಲರೂ ಇನ್ನಷ್ಟು ಹೊತ್ತು ಕೂತರು.

ಠಸ್ಸಣ್ಣನಿಗೆ ನಿಜ ತಿಳಿದದ್ದು ಒಂದು ಗುರುವಾರ. ಮಸಿ ಮುಗಿದು ಅರ್ಧ ಗಂಟೆ ಕೈ ಖಾಲಿ ಕೂತಿದ್ದ. ಕೆಲಸವಿಲ್ಲದೆ ಪಟ್ಟಿ ನೋಡಿದ, ಅಂಕಿ ನಿಂತಿತ್ತು. ಮಸಿ ಬಂತು, ಒಂದು ಠಸ್ಸೆ ಹೊಡೆದ. ಎರಡು ಅಂಕಿ ಏರಿತು. ಇನ್ನೊಂದು ಹೊಡೆದ, ಇನ್ನೆರಡು. ಓಡಿ (ಅಂದರೆ ಇಪ್ಪತ್ತೆರಡು ಹೆಜ್ಜೆ) ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡ. ಅವರು ಬಾಗಿಲು ಮುಚ್ಚಿ ಬಂದು, ಎರಡೂ ಕಡೆ ನೋಡಿ, ಪಟ್ಟಿ ತಪ್ಪು ಅಂದರೆ ಪ್ರೊಫೆಸರು ತಪ್ಪು, ಪ್ರೊಫೆಸರು ತಪ್ಪು ಅಂದರೆ ಮಂತ್ರಿ ತಪ್ಪು, ಮಂತ್ರಿ ತಪ್ಪು ಅಂದರೆ ನೀವೂ ನಾನೂ ಎಲ್ಲಿರುತ್ತೇವೆ ಯೋಚಿಸಿ ಎಂದರು. ಠಸ್ಸಣ್ಣ ಯೋಚಿಸಿದ. ಬಾಯಿಗೆ ಬೀಗ ಹಾಕಿಕೊಂಡು ಬಂದು ಕೂತ. ಹೆಂಡತಿಯ ಕಣ್ಣಲ್ಲಿ ಹೊಸದಾಗಿ ಕಂಡ ಆ ಬೆಳಕು ಆರಿಹೋಗುವುದೂ ಅವನಿಗೆ ಬೇಡವಾಗಿತ್ತು ಎನ್ನುವುದನ್ನು ಮುಚ್ಚಿಡುವುದೇಕೆ.

ಭಾನುವಾರ ಅಕ್ಕನ ಮನೆಗೆ ಹೋದ. ಯಾವಾಗಲೂ ಆ ಹೊತ್ತಿಗೆ ಅವಳು ನಡೆಯಲು ಹೋಗಿರುತ್ತಿದ್ದಳು, ಬಾಗಿಲಿಗೆ ಬೀಗವಿರುತ್ತಿತ್ತು. ಅವತ್ತು ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ನಡಿಗೆಯ ಬೂಟುಗಳು ತೊಳೆದು ಕಾಗದದಲ್ಲಿ ಸುತ್ತಿ ಕಪಾಟಿನ ಮೇಲೆ ಹೋಗಿದ್ದವು. ಅವಳ ಎಡಗಾಲಿನ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು. ಪಾದಗಳು ಊದಿಕೊಂಡಿದ್ದವು.

ಎಷ್ಟು ದಿನವಾಯಿತು ಎಂದು ಕೇಳಿದ. ಹನ್ನೊಂದು ದಿನ ಎಂದಳು, ಹೆಮ್ಮೆಯಿಂದ.

ಠಸ್ಸಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಠಸ್ಸೆ, ಪಟ್ಟಿ, ಸೊಳ್ಳೆ, ಒಂದೂ ಬಿಡಲಿಲ್ಲ. ಅಕ್ಕ ತಾಳ್ಮೆಯಿಂದ ಕೇಳಿ, ಚಿಕ್ಕಂದಿನಿಂದಲೂ ನಿನಗೆ ನಿನ್ನ ಮೇಲೆ ನಂಬಿಕೆ ಕಡಿಮೆ ಎಂದಳು. ಮಂತ್ರಿ ಹೇಳಿದ್ದಾರೆ, ಅಷ್ಟು ಓದಿದವರು ಬರೆದಿದ್ದಾರೆ, ಟಿವಿಯಲ್ಲಿ ಬಂದಿದೆ, ಅವರೆಲ್ಲರನ್ನೂ ಬಿಟ್ಟು ನಿನ್ನ ಮಾತು ಯಾಕೆ ಕೇಳಲಿ ಎಂದಳು. ಗೋಗರೆದ. ಬೈದ. ಅವಳು ನಕ್ಕು ಹೆಬ್ಬೆರಳು ಆಡಿಸಿದಳು. ಮನೆಗೆ ಮರಳುವ ದಾರಿಯುದ್ದಕ್ಕೂ ಅವನಿಗೆ ಆಸ್ಪತ್ರೆಯ ಆ ಎರಡು ನಿಮಿಷವೇ ಕಣ್ಣೆದುರು ಬಂತು. ಗಾಜಿನ ಬಾಗಿಲಿನಾಚೆ ಅವನು ನಿಂತಿದ್ದ. ಒಳಗೆ ಅಕ್ಕ ಇರಲಿಲ್ಲ, ಆಮೇಲೆ ಇದ್ದಳು. ಅಷ್ಟು ಭಯ ಅವನು ಬಾಳಿನಲ್ಲಿ ಪಟ್ಟಿರಲಿಲ್ಲ. ಈಗ ಅವಳನ್ನು ಮತ್ತೆ ಆ ಬಾಗಿಲಿನಾಚೆ ಕಳಿಸುತ್ತಿರುವವನು ತಾನೇ. ಮಂತ್ರಿ ಹೇಳಿದರೆ ಮಾತ್ರ ನಂಬುತ್ತಾಳೆ ತಾನೆ, ಸರಿ, ಮಂತ್ರಿಯ ಪಕ್ಕದಲ್ಲೇ ನಿಂತು ಹೇಳುತ್ತೇನೆ ಎಂದು ತೀರ್ಮಾನಿಸಿದ. ಮಂತ್ರಿಗಳು ಅವನಿಗೆಂದು ಗೊತ್ತುಮಾಡಿದ್ದ ಸನ್ಮಾನದ ಸಭೆಗೆ ಮೂರೇ ದಿನ ಉಳಿದಿತ್ತು.

ಸಭಾಂಗಣದಲ್ಲಿ ಎರಡು ಸಾವಿರ ಜನ. ಎಲ್ಲರೂ ಎಡಗಾಲಿನ ಚಪ್ಪಲಿ ಬಿಟ್ಟು ಕೂತಿದ್ದರು. ಎರಡು ಸಾವಿರ ಹೆಬ್ಬೆರಳು ಒಟ್ಟಿಗೆ ಏಳುತ್ತ ಬೀಳುತ್ತ ಇದ್ದವು. ಆ ದೃಶ್ಯ ನೋಡಿ ಠಸ್ಸಣ್ಣನಿಗೇ ಒಂದು ಕ್ಷಣ ರೋಮಾಂಚನವಾಯಿತು, ಸುಳ್ಳು ಯಾಕೆ ಹೇಳಲಿ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ಅವನ ಪಟ್ಟಿಯ ಅಂಕಿ. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಅಕ್ಕ. ಮಂತ್ರಿಗಳು ಅವನಿಗೆ ಶಾಲು ಹೊದಿಸಿ ಮೈಕು ಕೊಟ್ಟರು. ಠಸ್ಸಣ್ಣ ಮೈಕನ್ನು ಬಾಯಿಯ ಹತ್ತಿರ ತಂದ.

“ನಾನು ನಡೆಯೋದಿಲ್ಲ. ಯಾವತ್ತೂ ನಡೆದಿಲ್ಲ. ನಾನು ಠಸ್ಸೆ ಹೊಡೀತೀನಿ, ಅಷ್ಟೆ. ಇಲ್ಲಿ ನೋಡಿ.”

ಬಲಗೈ ಮುಷ್ಟಿ ಕಟ್ಟಿ ಮಂತ್ರಿಗಳ ಮೇಜಿನ ಮೇಲೆ ಠಪ್ ಎಂದು ಹೊಡೆದ. ಪರದೆಯ ಮೇಲೆ ಅಂಕಿ ಒಂದು ಏರಿತು. ಮತ್ತೆ ಹೊಡೆದ, ಮತ್ತೆ ಏರಿತು. ಹತ್ತು ಸಲ, ಇಪ್ಪತ್ತು ಸಲ, ನೀರಿನ ಲೋಟ ಉರುಳುವ ತನಕ ಹೊಡೆದ. ಸಭೆ ಉಸಿರು ಬಿಗಿಹಿಡಿದು ನೋಡಿತು. ಆಮೇಲೆ ಪ್ರೊಫೆಸರು ಎದ್ದು ಗದ್ಗದಿತನಾಗಿ, ನಿಂತು ಮಾತಾಡುತ್ತಿರುವಾಗಲೂ ಒಳಗೆ ನಡೆಯುತ್ತಿದ್ದಾರೆ, ಅದನ್ನು ತೋರಿಸಲೆಂದೇ ತಾಳ ಹಾಕಿದರು, ಮೇಲಾಗಿ ಎಂಥ ವಿನಯ ನೋಡಿ ಎಂದ. ಮಂತ್ರಿಗಳು ಕಣ್ಣೊರೆಸಿಕೊಂಡರು. ಬಿತ್ತು ನೋಡಿ ಚಪ್ಪಾಳೆ. ಐದು ನಿಮಿಷ ನಿಲ್ಲಲಿಲ್ಲ. ಎಲ್ಲರ ಮಣಿಕಟ್ಟಿನ ಪಟ್ಟಿಗಳೂ ‘ಕೂತು ನಡೆ’ ಬಂದ ಮೇಲೆ ಮೊದಲ ಬಾರಿಗೆ ಗಿರಗಿರನೆ ಏರಿದವು. ಆ ಚಪ್ಪಾಳೆಯಲ್ಲೇ ಒಬ್ಬೊಬ್ಬರೂ ಐನೂರು ಹೆಜ್ಜೆ ನಡೆದರು. ಏರುವ ಅಂಕಿ ನೋಡಿ ಜನ ಇನ್ನೂ ಜೋರಾಗಿ ತಟ್ಟಿದರು.

ಠಸ್ಸಣ್ಣ ಮೈಕು ಕೆಳಗಿಟ್ಟ. ಶಾಲು ತೆಗೆದು ಕುರ್ಚಿಗೆ ಹಾಕಿದ. ಮೆಟ್ಟಿಲಿಳಿದು ಮುಂದಿನ ಸಾಲಿಗೆ ಹೋಗಿ ಅಕ್ಕನ ಕೈ ಹಿಡಿದು, ಏಳು ಎಂದ. ಮನೆಗೆ ನಡ್ಕೊಂಡು ಹೋಗೋಣ ಎಂದ. ಕಾರು ಇದೆಯಲ್ಲೋ ಎಂದು ಅಕ್ಕ ಹೇಳುತ್ತಲೇ ಇದ್ದಳು, ಅವನು ಬಿಡಲಿಲ್ಲ. ಹೆಂಡತಿ ಇಬ್ಬರನ್ನೂ ನೋಡಿ, ಏನೂ ಕೇಳದೆ, ಅಕ್ಕನ ಎಡ ಚಪ್ಪಲಿಯನ್ನು ಎತ್ತಿಕೊಟ್ಟಳು.

ಮನೆ ನಾಲ್ಕು ಕಿಲೋಮೀಟರು. ಮೊದಲ ನೂರು ಗಜ ಅಕ್ಕ ಕುಂಟುತ್ತ ಬಂದಳು, ಹದಿನಾಲ್ಕು ದಿನ ಕೂತ ಕಾಲು. ಆಮೇಲೆ ಅವಳ ಹೆಜ್ಜೆಗೆ ತನ್ನ ಲಯ ನೆನಪಾಯಿತು. ಠಸ್ಸಣ್ಣನದು ತಿರುಗಾಮುರುಗಾ. ಮೊದಲ ನೂರು ಗಜ ಸಿಟ್ಟಿನಲ್ಲಿ ನಡೆದ. ಪೆಟ್ರೋಲ್ ಬಂಕಿನ ಹತ್ತಿರ ಸಿಟ್ಟು ಮುಗಿಯಿತು, ಸೇತುವೆಯ ಹತ್ತಿರ ಉಸಿರೂ ಮುಗಿಯಿತು. ಸೇತುವೆಯ ಕಟ್ಟೆ ಹಿಡಿದು ಕುಸಿದು ಕೂತ. ಅಂಗಿ ಒದ್ದೆ, ಮುಖ ಕೆಂಪು, ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅಕ್ಕ ತಟ್ಟನೆ ಬಾಗಿ, ಎಡಗೈ ನೋಯುತ್ತದೆಯೇ, ದವಡೆ ಹಿಡಿಯುತ್ತದೆಯೇ, ಎದೆ ಬಿಗಿಯುತ್ತದೆಯೇ ಎಂದು ಒಂದೊಂದಾಗಿ ಕೇಳಿದಳು. ಇಲ್ಲ, ಇಲ್ಲ ಎಂದು ತಲೆಯಾಡಿಸಿದ. ಆಸ್ಪತ್ರೆಯ ದಾದಿ ಕಲಿಸಿದ ಹಾಗೆ ಅವನ ಮಣಿಕಟ್ಟಿನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ನಾಡಿ ಹಿಡಿದಳು. ತುಂಬ ಹೊತ್ತು ಹಿಡಿದಿದ್ದಳು. ಅವಳ ಮುಖ ಬದಲಾಯಿತು.

“ನೀನು ನಿಜವಾಗ್ಲೂ ನಡೆಯೋದೇ ಇಲ್ಲ, ಅಲ್ವೇನೋ.”

ಅದನ್ನೇ ನಾಲ್ಕು ದಿನದಿಂದ ಹೇಳುತ್ತಿದ್ದೇನೆ ಎಂದು ಅವನು ಏದುಸಿರಿನ ನಡುವೆ ಒಂದೊಂದೇ ಮಾತು ಹೊರಗೆ ತಂದ. ಅಕ್ಕ ನಕ್ಕಳು, ಆಮೇಲೆ ನಗು ನಿಲ್ಲಿಸಿ ಕಟ್ಟೆಯ ಕಡೆ ನೋಡಿದಳು. ಹದಿನಾಲ್ಕು ದಿನ ಕೂತು ಕೂತು ನನಗೂ ಸಾಕಾಗಿತ್ತು ಎಂದಳು. ಮತ್ತೆ ಯಾಕೆ ಕೂತೆ ಎಂದ.

“ನೀನು ಮೊದಲ್ನೇ ಸಲ ಏನೋ ಒಂದು ಗೆದ್ದಿದ್ದೆ. ನಿನ್ನ ಅಕ್ಕನೇ ಬೇರೆ ದಾರಿ ಹಿಡಿದ್ರೆ ನಿನಗೆ ಎಷ್ಟು ಅವಮಾನ.”

ಠಸ್ಸಣ್ಣ ತಲೆಯೆತ್ತಿ ಅವಳನ್ನು ನೋಡಿದ. ಅರವತ್ತಮೂರು ವರ್ಷ, ಒಮ್ಮೆ ನಿಂತು ಮತ್ತೆ ಹೊರಟ ಹೃದಯ, ಊದಿದ ಪಾದ. ಇಷ್ಟು ದೂರ ಬಂದು ಸೇತುವೆಯ ಮೇಲೆ ನೆಟ್ಟಗೆ ನಿಂತಿದ್ದಳು, ಉಸಿರು ಒಂದಿಷ್ಟೂ ತಪ್ಪಿರಲಿಲ್ಲ. ದೇಶವೆಲ್ಲ ತನ್ನನ್ನು ಬೆರಗಿನಿಂದ ನೋಡಿತ್ತಲ್ಲ, ಬೆರಗು ಎಂದರೆ ಏನೆಂದು ಅವನಿಗೆ ಆಗ ಗೊತ್ತಾಯಿತು. ನಿನಗೆ ಸುಸ್ತಾಗುವುದಿಲ್ಲವೇ ಅಕ್ಕ ಎಂದು ಕೇಳಿದ.

“ವರ್ಷಪೂರ್ತಿ ದಿನಾ ನಡೆದಿದ್ದೀನಿ ಕಣೋ. ಯಾರೂ ಎಣಿಸಲಿಲ್ಲ, ಅಷ್ಟೆ.”

ಮೊದಲ ದಿನ ನಾನು ಗೇಟಿನ ತನಕ ಹೋಗಿ ವಾಪಸು ಬಂದಿದ್ದೆ, ನೀನು ಪರವಾಗಿಲ್ಲ, ಸೇತುವೆ ಮುಟ್ಟಿದ್ದೀಯ ಎಂದು ಹೇಳಿ, ಕೈಕೊಟ್ಟು ಅವನನ್ನು ಎಬ್ಬಿಸಿದಳು. ಮೆಲ್ಲಗೆ ಬಾ, ಅವಸರ ಏನಿಲ್ಲ ಎಂದಳು. ಇಬ್ಬರೂ ಹೊರಟರು. ಅವಳು ಒಂದು ಹೆಜ್ಜೆ ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಏನೋ ಗೊಣಗುವುದು ಅಕ್ಕನಿಗೆ ಕೇಳಿಸಿತು. ತಿರುಗಿ ನೋಡಿದಳು. ಠಸ್ಸಣ್ಣ ಅವಳ ಪಾದಗಳ ಮೇಲೆ ಕಣ್ಣು ನೆಟ್ಟು ಎಣಿಸುತ್ತಿದ್ದ.

ಬಾಯಿ ಮುಚ್ಚಿಕೊಂಡು ಉಸಿರು ಉಳಿಸಿಕೋ ಎಂದು ಗದರಿಸಿದಳು. ಅವನು ಕೇಳಲಿಲ್ಲ. ಏದುಸಿರಿನಲ್ಲೇ ನೂರು ದಾಟಿಸಿದ, ಮುನ್ನೂರು ದಾಟಿಸಿದ. ನಾನೂರ ಹದಿನೇಳರ ಹತ್ತಿರ ಒಂದು ಸೈಕಲ್ಲು ಅಡ್ಡ ಬಂದು ಲೆಕ್ಕ ತಪ್ಪಿತು. ಅಕ್ಕನನ್ನು ಒಂದು ನಿಮಿಷ ನಿಲ್ಲಿಸಿ, ಮತ್ತೆ ಒಂದರಿಂದ ಶುರು ಮಾಡಿದ.